ವರಾಂಡ ಶಿಕ್ಷೆಯೋ, ಬಹುಮಾನವೋ?

ಪತ್ರದ ಸಾರ: "ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ನಾಲ್ಕನೇ ತರಗತಿಯಲ್ಲಿ ಆಟಿಸಂ ಇರುವ ಒಬ್ಬ ಹುಡುಗನಿದ್ದಾನೆ. ಮಾತು ನಾಲ್ಕೈದು ಪದ, ಅಷ್ಟೇ. ಮೂರನೇ ತರಗತಿವರೆಗೆ ನಲಿ-ಕಲಿ ಕೋಣೆಯಲ್ಲಿ ಚೆನ್ನಾಗಿಯೇ ಇದ್ದನಂತೆ. ಈ ಜೂನ್‌ನಿಂದ ಕಿರುಚುತ್ತಾನೆ, ಕೈ ಕಚ್ಚಿಕೊಳ್ಳುತ್ತಾನೆ, ಎದ್ದು ಓಡುತ್ತಾನೆ. ವರಾಂಡದಲ್ಲಿ ಕೂರಿಸಿದರೆ ತಕ್ಷಣ ತಣ್ಣಗಾಗುತ್ತಾನೆ. ಆದರೆ ದಿನದಿಂದ ದಿನಕ್ಕೆ ಗಲಾಟೆ ಜಾಸ್ತಿಯಾಗುತ್ತಿದೆ. 'ಎರಡು ಬಿಟ್ಟರೆ ಸರಿಹೋಗ್ತಾನೆ' ಅನ್ನುತ್ತಾರೆ ಒಬ್ಬ ಸಹೋದ್ಯೋಗಿ. ವಿಶೇಷ ಶಾಲೆಗೆ ಕಳಿಸಿ ಅನ್ನುತ್ತಾರೆ ನಮ್ಮ ಶಾಲಾ ಸಮಿತಿಯವರು (ಎಸ್‌ಡಿಎಂಸಿ). ಇದು ಹಠವೇ? ನಾನೇನು ಮಾಡಲಿ?" — ಒಬ್ಬ ಶಿಕ್ಷಕಿ (ಹೆಸರು ಬೇಡ ಎಂದಿದ್ದಾರೆ)

ಮೇಡಂ,

ನಿಮ್ಮ ಪತ್ರದ ಒಂದು ಸಾಲಿಗೆ ನಾನು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿಟ್ಟುಕೊಂಡಿದ್ದೇನೆ. ವರಾಂಡದಲ್ಲಿ ಕೂರಿಸಿದರೆ ತಣ್ಣಗಾಗುತ್ತಾನೆ, ಆದರೆ ಗಲಾಟೆ ಜಾಸ್ತಿಯಾಗುತ್ತಿದೆ. ಅರ್ಧ ಉತ್ತರ ಅಲ್ಲೇ ಇದೆ.

ಹುಡುಗನ ಕಡೆಯಿಂದ ನೋಡಿ. ಕ್ಲಾಸಿನಲ್ಲಿ ಏನೋ ತಡೆಯಲಾಗುತ್ತಿಲ್ಲ. ಕಿರುಚಿದ. ವರಾಂಡ ಸಿಕ್ಕಿತು. ಮರುದಿನ ಮತ್ತೆ ಕಿರುಚಿದ. ಮತ್ತೆ ವರಾಂಡ. ನೀವು ಕೊಟ್ಟಿದ್ದು ಶಿಕ್ಷೆ, ಅವನ ಕೈಗೆ ಸಿಕ್ಕಿದ್ದು ಬಹುಮಾನ. ಹೊರಗೆ ಹೋಗಬೇಕಾದರೆ ಕಿರುಚಬೇಕು ಅನ್ನುವ ಪಾಠವನ್ನು ಅವನು ಒಂದು ಅಕ್ಷರ ಬಿಡದೆ ಕಲಿತಿದ್ದಾನೆ. ಬೇಜಾರು ಮಾಡಿಕೊಳ್ಳಬೇಡಿ. ನನ್ನ ಅಕ್ಕನ ಮಗನ ವಿಷಯದಲ್ಲಿ ನಮ್ಮ ಮನೆಯಲ್ಲೂ ಹೀಗೇ ಆಯಿತು. ತಟ್ಟೆ ಎಸೆದಾಗಲೆಲ್ಲ ಸುಮ್ಮನಿರಲಿ ಅಂತ ಮೊಬೈಲ್ ಕೊಡುತ್ತಿದ್ದೆವು. ಆರು ತಿಂಗಳಲ್ಲಿ ಸೊಟ್ಟಗಾಗದ ತಟ್ಟೆ ಮನೆಯಲ್ಲಿ ಒಂದೂ ಉಳಿಯಲಿಲ್ಲ.

ಹಾಗಾದರೆ ಇದು ಹಠವೇ ಅಂತ ಕೇಳಿದ್ದೀರಿ. ನಾಲ್ಕೈದು ಪದ ಮಾತ್ರ ಇರುವ ಮಗುವಿಗೆ "ತಲೆ ಸಿಡೀತಿದೆ, ಸ್ವಲ್ಪ ಹೊರಗೆ ಹೋಗ್ಲಾ ಮಿಸ್?" ಅಂತ ಕೇಳಲು ಬರುವುದಿಲ್ಲ. ಕೈ ಕಚ್ಚಿಕೊಳ್ಳಲು ಬರುತ್ತದೆ. ಈ ಕೆಲಸದಲ್ಲಿ ಪಳಗಿದವರು ಮೊದಲು ಹುಡುಕುವುದು ಇದನ್ನೇ: ಈ ವರ್ತನೆಯಿಂದ ಮಗುವಿಗೆ ಏನು ಸಿಗುತ್ತಿದೆ? ಯಾವುದೋ ಕೆಲಸದಿಂದ ಬಿಡುಗಡೆ, ಬೇಕಾದ ವಸ್ತು, ಯಾರದೋ ಗಮನ, ಇಲ್ಲವೇ ಮೈಗೆ ಹಿತ ಕೊಡುವ ಏನೋ ಒಂದು. ಬಹುತೇಕ ಈ ನಾಲ್ಕರಲ್ಲಿ ಒಂದಿರುತ್ತದೆ, ಕೆಲವೊಮ್ಮೆ ಎರಡು ಸೇರಿರುತ್ತವೆ. ಕಾರಣ ತಿಳಿಯದೆ ಮದ್ದು ಕೊಟ್ಟರೆ ನಿಮ್ಮ ವರಾಂಡದ ಕತೆಯೇ ಆಗುತ್ತದೆ.

ಅದಕ್ಕೂ ಮುಂಚೆ ಒಂದು ಕೆಲಸ. ಹಲ್ಲು, ಕಿವಿ, ಹೊಟ್ಟೆ ಮೂರನ್ನೂ ಡಾಕ್ಟರಿಗೆ ತೋರಿಸಲು ಅವನ ತಾಯಿಗೆ ಹೇಳಿ. ಹುಳುಕು ಹಲ್ಲು, ಕಿವಿ ನೋವು, ನಾಲ್ಕು ದಿನದ ಮಲಬದ್ಧತೆ ಇದ್ದರೆ ಮಾತು ಬರುವ ಮಕ್ಕಳೇ ರಂಪ ಮಾಡುತ್ತವೆ. ಮಾತು ಬಾರದವನು ಕಚ್ಚಿಕೊಳ್ಳದೆ ಇನ್ನೇನು ಮಾಡಿಯಾನು?

ಅದು ಏನೂ ಇಲ್ಲ ಅಂತಾದರೆ 200 ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟಕ್ಕೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿ. ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು. "ಗಲಾಟೆ ಮಾಡಿದ" ಅಂತ ಬರೆದರೆ ಪ್ರಯೋಜನವಿಲ್ಲ. ಹೀಗೆ ಬರೆಯಿರಿ: 11:20, ಗಂಟೆ ಹೊಡೆಯಿತು, ಗಣಿತದ ಪುಸ್ತಕ ತೆಗೆಯಿರಿ ಎಂದೆ. ಎಡಗೈ ಕಚ್ಚಿಕೊಂಡ, ಎರಡು ನಿಮಿಷ. ವರಾಂಡಕ್ಕೆ ಕಳಿಸಿದೆ, ಸುಮ್ಮನಾದ. ಗಲಾಟೆ ಆಗದ ಹೊತ್ತನ್ನೂ ಬರೆಯಿರಿ, ಅದನ್ನು ಎಲ್ಲರೂ ಮರೆಯುತ್ತಾರೆ. ಹಾಲು ಕುಡಿಯುವಾಗ ಶಾಂತವಾಗಿದ್ದು ಬಿಸಿಯೂಟದ ಸಾಲಿನಲ್ಲಿ ಕಿರುಚುತ್ತಾನೆ ಅನ್ನಿ. ಎರಡರ ನಡುವೆ ಏನು ಬದಲಾಯಿತು? ಸಾಲೋ, ತಟ್ಟೆಗಳ ಸದ್ದೋ, ಸಾರಿನ ವಾಸನೆಯೋ? ಎರಡು ವಾರ ಬರೆದರೆ ಸಾಕು, ಒಂದು ಆಕಾರ ಕಾಣತೊಡಗುತ್ತದೆ.

ನನ್ನ ಗುಮಾನಿ ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ಮೂರನೇ ತರಗತಿವರೆಗೆ ಚೆನ್ನಾಗಿದ್ದ ಎಂದಿದ್ದೀರಿ. ಆ ಮೂರು ವರ್ಷ ಅವನಿದ್ದದ್ದು ನಲಿ-ಕಲಿ ಕೋಣೆಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಈ ಪದ್ಧತಿ ಶುರುವಾದಾಗ ಆಟಿಸಂ ಯಾರ ತಲೆಯಲ್ಲೂ ಇದ್ದಿರಲಾರದು. ಆದರೂ ಇಂಥ ಮಗುವಿಗೆ ಹೇಳಿ ಮಾಡಿಸಿದಂತಿದೆ ನೋಡಿ! ನೆಲದ ಮೇಲೆ ಚಿಕ್ಕ ಗುಂಪು. ಕೈಗೆಟುಕುವ ಎತ್ತರದಲ್ಲಿ ತನ್ನದೇ ಕಪ್ಪು ಹಲಗೆ. ಚಿತ್ರವಿರುವ ಕಾರ್ಡು, ಮುಂದೇನು ಅಂತ ತೋರಿಸುವ ಕಲಿಕಾ ಏಣಿ. ತನ್ನ ವೇಗದಲ್ಲಿ ಮುಂದೆ ಹೋಗಬಹುದು. ನಡುವೆ ಎದ್ದು ಓಡಾಡಿದರೂ ತಪ್ಪಲ್ಲ. ಏಪ್ರಿಲ್‌ನಲ್ಲಿ ಅದು ಮುಗಿಯಿತು. ಜೂನ್‌ನಲ್ಲಿ ಬಂದರೆ ಬೆಂಚು, ಪಠ್ಯಪುಸ್ತಕ, ಪೀರಿಯಡ್ಡಿಗೊಮ್ಮೆ ಗಂಟೆ, ವಿಷಯಕ್ಕೊಬ್ಬರು ಟೀಚರ್. ಮುಂದೇನು ಅಂತ ಹೇಳುವ ಏಣಿ ಗೋಡೆಯ ಮೇಲಿಲ್ಲ. ಉಳಿದ ಮಕ್ಕಳು ಒಂದು ವಾರ ಪೆಚ್ಚಾಗಿದ್ದು ಹೊಂದಿಕೊಂಡರು. ಇವನಿಗೆ ನೆಲವೇ ಜಾರಿತು. ಓಡುವಾಗ ಅವನು ಹಳೆಯ ನಲಿ-ಕಲಿ ಕೋಣೆಯ ಕಡೆಗೇ ಓಡುತ್ತಾನಾ? ಗಮನಿಸಿ.

ನನ್ನ ಗುಮಾನಿ ನಿಜವಾದರೆ ಅರ್ಧ ಸಾಮಾನು ನಿಮ್ಮ ಶಾಲೆಯ ಬೀರುವಿನಲ್ಲೇ ಇದೆ. ಅವನಿಗೊಂದು ಪುಟ್ಟ ಏಣಿ ಮಾಡಿಕೊಡಿ. ಪ್ರಾರ್ಥನೆ, ಕನ್ನಡ, ಗಣಿತ, ಊಟ, ಆಟ, ಮನೆ. ಒಂದೊಂದಕ್ಕೂ ಒಂದು ಚಿತ್ರ. ಮುಗಿದದ್ದನ್ನು ಅವನೇ ತೆಗೆದು ಒಂದು ಡಬ್ಬಿಗೆ ಹಾಕಲಿ. ಗಂಟೆಗೆ ಎರಡು ನಿಮಿಷ ಮುಂಚೆ ಮುಂದಿನ ಚಿತ್ರ ತೋರಿಸಿ. ಕಂಬಿ ತುಂಡಿನ ಗಂಟೆ ಅವನ ಕಿಟಕಿ ಪಕ್ಕದಲ್ಲೇ ತೂಗುತ್ತಿದ್ದರೆ ಅವನ ಜಾಗ ಬದಲಿಸಿ. ಇದಕ್ಕೆ ಬಿಇಒ ಆಫೀಸಿನಿಂದ ಸುತ್ತೋಲೆ ಬರಬೇಕಾಗಿಲ್ಲ.

ಆಮೇಲೆ ಒಂದು ಕಾರ್ಡು. ಅದರ ಮೇಲೆ ಬಾಗಿಲಿನ ಚಿತ್ರ. ಅದನ್ನು ನಿಮ್ಮ ಕೈಗೆ ಕೊಟ್ಟರೆ ಐದು ನಿಮಿಷ ವರಾಂಡ. ಅದೇ ವರಾಂಡ, ಆದರೆ ಈಗ ಕಿರುಚದೆ ಸಿಗುತ್ತದೆ. 1985ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ನಾಲ್ಕು ಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟಿಸಿದರು. ಪಾಠ ಕಷ್ಟವಾದಾಗ ರೇಗುವ ಮಗುವಿಗೆ ಸಹಾಯ ಕೇಳುವ ಒಂದು ಮಾತು ಕಲಿಸಿದರು. ಗಮನಕ್ಕಾಗಿ ರಂಪ ಮಾಡುವ ಮಗುವಿಗೆ "ನಾನು ಸರಿಯಾಗಿ ಮಾಡ್ತಿದ್ದೀನಾ?" ಅನ್ನುವಂಥ ಪ್ರಶ್ನೆ ಕಲಿಸಿದರು. ಕಾರಣಕ್ಕೆ ಹೊಂದುವ ಮಾತು ಸಿಕ್ಕಾಗ ರಂಪ ಇಳಿಯಿತು. ಹೊಂದದ ಮಾತು ಕಲಿಸಿದರೆ ಇಳಿಯಲಿಲ್ಲ. ನೋಟ್‌ಬುಕ್ ಮೊದಲು, ಕಾರ್ಡು ಆಮೇಲೆ ಅಂದದ್ದು ಅದಕ್ಕೇ.

ಕಾರ್ಡು ಕೊಟ್ಟ ಮೊದಲ ವಾರ ದಿನಕ್ಕೆ ಇಪ್ಪತ್ತು ಸಲ ಬಾಗಿಲು ಕೇಳಬಹುದು. ಕೊಡಿ. ಕಾರ್ಡು ಕೆಲಸ ಮಾಡುತ್ತದೆ ಅನ್ನುವ ನಂಬಿಕೆ ಮೊದಲು ಬರಲಿ, ಕಾಯುವುದನ್ನು ಆಮೇಲೆ ಕಲಿಸಬಹುದು. ಇನ್ನೊಂದು ವಿಷಯವನ್ನು ಮುಂಚೆಯೇ ಹೇಳದಿದ್ದರೆ ನೀವು ನಡುವೆ ಕೈಬಿಡುತ್ತೀರಿ. ಕಿರುಚಿದಾಗ ವರಾಂಡ ಸಿಗುವುದು ನಿಂತ ಮೇಲೆ ಕಿರುಚಾಟ ಕೆಲವು ದಿನ ಇನ್ನೂ ಜೋರಾಗಬಹುದು. ಸ್ವಿಚ್ ಒತ್ತಿದರೆ ದೀಪ ಹತ್ತದಿದ್ದಾಗ ನಾವು ನಾಲ್ಕು ಸಲ ಟಪಟಪ ಒತ್ತುತ್ತೇವೆ ಅಲ್ವಾ, ಹಾಗೆ. ಆಗ ಸೋತು ವರಾಂಡಕ್ಕೆ ಕಳಿಸಿಬಿಟ್ಟರೆ, ಇನ್ನೂ ಜೋರಾಗಿ ಕಿರುಚಬೇಕು ಅಂತ ಕಲಿಸಿದ ಹಾಗಾಗುತ್ತದೆ. ಸುಮ್ಮನೆ ಪಕ್ಕದಲ್ಲಿ ನಿಂತು ಕಾರ್ಡು ತೋರಿಸಿ, ಅವನ ಕೈಯಿಂದಲೇ ಕೊಡಿಸಿ, ಆಮೇಲೆ ಹೊರಗೆ ಬಿಡಿ. ಆದರೆ ರಕ್ತ ಬರುವಷ್ಟು ಕಚ್ಚಿಕೊಳ್ಳುತ್ತಿದ್ದರೆ ಒಬ್ಬರೇ ಪ್ರಯೋಗ ಮಾಡಬೇಡಿ. ನಿಮ್ಹಾನ್ಸ್‌ನ ಮಕ್ಕಳ ವಿಭಾಗವಿದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ. ಒಮ್ಮೆ ತೋರಿಸಿಕೊಂಡು ಬರಲಿ.

ಎರಡು ಬಿಡಬೇಕು ಅನ್ನುವ ಸಹೋದ್ಯೋಗಿಗೆ ಇಷ್ಟು ಹೇಳಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡೆಯುವುದೂ ತಪ್ಪು, ಮಾನಸಿಕ ಹಿಂಸೆಯೂ ತಪ್ಪು. ಕಾಯ್ದೆ ಪಕ್ಕಕ್ಕಿರಲಿ, ಹೊಡೆದರೆ ಬಾಗಿಲು ಕೇಳುವುದು ಹೇಗೆ ಅಂತ ಅವನಿಗೆ ಗೊತ್ತಾಗುತ್ತದೆಯೇ? ವರ್ತನೆ ತಿದ್ದುವ ಈ ವಿದ್ಯೆಯ ಹಳೆಯ ದಿನಗಳಲ್ಲಿ, 1960ರ ದಶಕದ ಅಮೆರಿಕದಲ್ಲಿ, ಆಟಿಸಂ ಇರುವ ಮಕ್ಕಳಿಗೆ ಕರೆಂಟ್ ಶಾಕ್ ಕೊಟ್ಟವರೂ ಇದ್ದರು. ಇಂದು ಅದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ.

ವಿಶೇಷ ಶಾಲೆಯ ಮಾತು. ಶಿಕ್ಷಣ ಹಕ್ಕು ಕಾಯ್ದೆಯಂತೆ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ತೆಗೆಯುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಅಂಗವಿಕಲತೆ ಶೇಕಡಾ 40 ಅಥವಾ ಜಾಸ್ತಿ ಎಂದು ಪ್ರಮಾಣಪತ್ರ ಇದ್ದರೆ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದಬಹುದು. ಆಯ್ಕೆ ಮನೆಯವರದು, ಎಸ್‌ಡಿಎಂಸಿಯದಲ್ಲ. ವಿಶೇಷ ಶಾಲೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಕೆಲವು ಮಕ್ಕಳಿಗೆ ಅದೇ ಸರಿ. ಆದರೆ ಮೂರು ವರ್ಷ ಇದೇ ಕಟ್ಟಡದಲ್ಲಿ ಚೆನ್ನಾಗಿದ್ದವನನ್ನು ಮೂರು ತಿಂಗಳ ತೊಂದರೆಗೆ ಸಾಗಹಾಕುವುದು ನನಗೆ ಒಪ್ಪಿಗೆಯಿಲ್ಲ.

ನೀವು ಒಬ್ಬರೇ ಇದನ್ನೆಲ್ಲ ಮಾಡಬೇಕು ಅಂತಲೂ ಅಲ್ಲ. ತಾಲೂಕಿನ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಬಿಐಇಆರ್‌ಟಿ ಇರುತ್ತಾರೆ, ಇಂಥ ಮಕ್ಕಳಿಗೆಂದೇ ನೇಮಕವಾದ ಶಿಕ್ಷಕರು. ಎಚ್‌ಎಂ ಅವರಿಂದ ಒಂದು ಪತ್ರ ಬರೆಸಿ ಅವರನ್ನು ಕರೆಸಿ. ಅವರ ತಲೆಯ ಮೇಲೂ ಇಡೀ ತಾಲೂಕು ಇರುತ್ತದೆ, ವಾರವಾರ ಬರಲಾರರು. ಕೆಳಗಿನ ತರಗತಿಗಳಲ್ಲಿ ಇಂಥ 10 ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ಹುದ್ದೆ ಮಂಜೂರು ಮಾಡಿ ಅಂತ ರಾಜ್ಯಗಳಿಗೆ ಮತ್ತೆ ಸೂಚಿಸಬೇಕಾಗಿ ಬಂತು. ಅದರ ಅರ್ಥ ನಿಮಗೇ ಗೊತ್ತು.

ಇನ್ನೊಂದು ಮಾತು. ಖುಷಿಯಾದಾಗ ಕೈ ಬಡಿಯುತ್ತಾನೆ, ಅದನ್ನೂ ನಿಲ್ಲಿಸಬೇಕಾ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಯಾರಿಗೆ ತೊಂದರೆ? ಬಡಿಯಲಿ ಬಿಡಿ. ಉಳಿದವರ ಹಾಗೆ ಕಾಣಿಸಲಿ ಅಂತ ಇಂಥವನ್ನೆಲ್ಲ ಅದುಮಿಸಿದ್ದು ಎಷ್ಟು ನೋವು ಕೊಟ್ಟಿತು ಅಂತ ಆಟಿಸಂ ಇರುವ ದೊಡ್ಡವರೇ ಈಗ ಹೇಳುತ್ತಿದ್ದಾರೆ. ಕನ್ನಡದಲ್ಲಿ ಆಟಿಸಂಗೆ ಸ್ವಲೀನತೆ ಅಂತಾರೆ, ತನ್ನಲ್ಲೇ ಮುಳುಗಿರುವುದು ಅನ್ನುವ ಅರ್ಥದಲ್ಲಿ. ನನಗೇಕೋ ಆ ಪದ ಹಿಡಿಸಿಲ್ಲ. ನಿಮ್ಮ ಹುಡುಗ ಹೊರಗಿನ ಸದ್ದಿನಲ್ಲಿ ಮುಳುಗುತ್ತಿರುವ ಹಾಗೆ ಕಾಣುತ್ತದೆ.

ಎರಡು ವಾರ ಬಿಟ್ಟು ಮತ್ತೆ ಬರೆಯಿರಿ, ನೋಟ್‌ಬುಕ್ಕಿನ ನಾಲ್ಕು ಪುಟದ ಫೋಟೋ ಇಟ್ಟು. ಅವನ ಹೆಸರು ಕಾಣದ ಹಾಗೆ. ಬೆಳಗಿನ ಪ್ರಾರ್ಥನೆಯಲ್ಲಿ ಅವನನ್ನು ಎಲ್ಲಿ ನಿಲ್ಲಿಸುತ್ತೀರಿ ಅಂತ ಪತ್ರದಲ್ಲಿ ಇಲ್ಲ. ಗಿಡ್ಡ ಮಕ್ಕಳು ಮುಂದೆ ಅಂತ ಮೈಕಿನ ಡಬ್ಬದ ಎದುರೇ ನಿಲ್ಲಿಸುತ್ತಿದ್ದರೆ, ನಾಳೆಯೇ ಕೊನೆಯ ಸಾಲಿಗೆ ಕಳಿಸಿ ನೋಡಿ.

— ಸಂಪಾದಕ