ಆ ಒಂದು ಸಾಲು ನಾಲ್ಕನೇ ಪುಟದಲ್ಲಿ ಯಾಕೆ ಅಡಗಿದೆ?

ನಮಸ್ಕಾರ.

ಹೆಂಗಸಿನ ಮೇಲೆ ದೌರ್ಜನ್ಯ ನಡೆಯುವಾಗ ನೋಡುತ್ತ ನಿಲ್ಲುವವರ ಬಗ್ಗೆ ನೀವು ಬರೆದ 'ಸತ್ತ ಸಮಾಜ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ವಾಪಸ್ ಕಳಿಸಿ ಮರೆತುಬಿಡುವ ಲೇಖನವೂ ಇದಲ್ಲ. ಪತ್ರ ಉದ್ದ ಆಗಿದ್ದರೆ ಅದೇ ಕಾರಣ.

ಐದು ಪುಟದಲ್ಲಿ 'ಷಂಡರು' ಎಂಬ ಪದ ಏಳು ಸಲ ಬಂದಿದೆ. ಎಣಿಸಿದೆ. ಹೆಂಗಸಿನ ಮೇಲೆ ಕೈ ಮಾಡುವುದನ್ನು ನೋಡುತ್ತ ನಿಂತವರನ್ನು ಬೈಯಲು ಗಂಡಸುತನದ ಬೈಗುಳವನ್ನೇ ಎತ್ತಿಕೊಂಡಿದ್ದೀರಲ್ಲ, ನಿಮಗೇ ವಿಚಿತ್ರ ಅನ್ನಿಸಲಿಲ್ವಾ? ಅದು ಹಾಗಿರಲಿ. ಇಂಥ ಬೈಗುಳವನ್ನು ಓದುವ ಯಾರೂ ತನಗೇ ಅಂದುಕೊಳ್ಳುವುದಿಲ್ಲ. ಪಕ್ಕದ ಮನೆಯವನಿಗೆ ಅಂದುಕೊಂಡು, ಸರಿಯಾಗಿ ಬರೆದಿದ್ದಾರೆ ಎಂದು ತಲೆ ಆಡಿಸಿ ಪುಟ ತಿರುಗಿಸುತ್ತಾನೆ.

ಶುರು ಮಾಡಿರುವುದು ದ್ಯೂತಸಭೆಯಿಂದ. ಈ ವಿಷಯದ ಮೇಲೆ ನನ್ನ ಮೇಜಿಗೆ ಬರುವ ಬಹುಪಾಲು ಲೇಖನಗಳು ಅಲ್ಲಿಂದಲೇ ಹೊರಡುತ್ತವೆ. ಭೀಷ್ಮ ತಲೆ ತಗ್ಗಿಸಿದ, ದ್ರೋಣ ಬಾಯಿ ಬಿಡಲಿಲ್ಲ. ಸರಿ, ವಿಕರ್ಣ ಎಲ್ಲಿ ಹೋದ? ದುರ್ಯೋಧನನ ಸ್ವಂತ ತಮ್ಮ. ತುಂಬಿದ ಸಭೆಯಲ್ಲಿ ಎದ್ದು ನಿಂತು ಇದು ಅನ್ಯಾಯ ಎಂದವನು. ನೀನಿನ್ನೂ ಹುಡುಗ, ನಿನಗೇನು ಗೊತ್ತು ಎಂಬ ಧಾಟಿಯಲ್ಲಿ ಕರ್ಣ ಅವನ ಬಾಯಿ ಮುಚ್ಚಿಸಿದ. 'ಎಲ್ಲರೂ ಸುಮ್ಮನಿದ್ದರು' ಎಂಬ ನಿಮ್ಮ ವಾಕ್ಯಕ್ಕೆ ಅವನು ಅಡ್ಡ ಬರುತ್ತಾನೆ, ಅದಕ್ಕೇ ಬಿಟ್ಟಿರಿ ಅಲ್ವಾ? ನನಗೆ ಬೇಕಾದವನು ಅವನೇ. ಒಬ್ಬ ಎದ್ದಾಗ ಅವನ ಗತಿ ಏನಾಯಿತು ಎಂದು ಉಳಿದವರೆಲ್ಲ ನೋಡುತ್ತಿರುತ್ತಾರೆ. ನಿಮ್ಮ ಲೇಖನದಲ್ಲಿ ಅದೇ ಇಲ್ಲ.

ಎರಡನೇ ಪುಟದ ನ್ಯೂಯಾರ್ಕ್ ಕಥೆಗೂ ಇದೇ ಗತಿಯಾಗಿದೆ. 1964ರ ಮಾರ್ಚ್ 13ರ ಬೆಳಗಿನ ಜಾವ ಕಿಟ್ಟಿ ಜಿನೋವೀಸ್ ಎಂಬ 28 ವರ್ಷದ ಯುವತಿಯ ಮೇಲೆ ಒಬ್ಬ ಅತ್ಯಾಚಾರ ಮಾಡಿ ಕೊಂದ. ಕಿಟಕಿಗಳಲ್ಲಿ ನಿಂತು 38 ಜನ ಕೊನೆಯವರೆಗೂ ನೋಡಿದರು, ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಎಂದು ಬರೆದಿದ್ದೀರಿ. ಎರಡು ವಾರದ ನಂತರ ನ್ಯೂಯಾರ್ಕ್ ಟೈಮ್ಸ್ ಹೆಚ್ಚುಕಡಿಮೆ ಹೀಗೇ ಬರೆದಿತ್ತು, ಜಗತ್ತು ನಂಬಿತು. ಆದರೆ ಆ ವರದಿ ತಪ್ಪುಗಳಿಂದ ತುಂಬಿತ್ತು ಎಂದು ಮುಂದೆ ಆ ಪತ್ರಿಕೆಯೇ ಒಪ್ಪಿಕೊಂಡಿತು. ಒಬ್ಬ ಮೇಲಿನಿಂದ ಕೂಗಿದ್ದ. ಆ ಕೂಗಿಗೆ ಹೆದರಿ ಕೊಲೆಗಾರ ಓಡಿದ್ದ, ಸ್ವಲ್ಪ ಹೊತ್ತು ಬಿಟ್ಟು ಮರಳಿ ಬಂದ. ಎರಡನೇ ಸಲ ದಾಳಿ ನಡೆದದ್ದು ಕಟ್ಟಡದ ಹಿಂಬದಿಯ ಬಾಗಿಲಲ್ಲಿ, ಹೆಚ್ಚಿನವರ ಕಣ್ಣಿಗೆ ಬೀಳದ ಜಾಗದಲ್ಲಿ. ಪಕ್ಕದ ಮನೆಯ ಹೆಂಗಸೊಬ್ಬಳು ಕೊಲೆಗಾರ ಅಲ್ಲೇ ಇದ್ದಾನೋ ಹೋದನೋ ಎಂದೂ ತಿಳಿಯದೆ ಓಡಿ ಬಂದು, ಆಂಬುಲೆನ್ಸ್ ಬರುವವರೆಗೆ ಕಿಟ್ಟಿಯನ್ನು ತೋಳಿನಲ್ಲಿ ಹಿಡಿದುಕೊಂಡಿದ್ದಳು. ಅವಳು ನಿಮ್ಮ ಲೇಖನದಲ್ಲಿಲ್ಲ.

ಹಾಗಂತ ಅಲ್ಲಿ ಯಾರೂ ಸುಮ್ಮನಿರಲಿಲ್ಲ ಎಂದಲ್ಲ. ಆ ಘಟನೆಯ ನಂತರ 1968ರಲ್ಲಿ ಡಾರ್ಲಿ ಮತ್ತು ಲಟಾನೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಪಕ್ಕದ ಕೋಣೆಯಲ್ಲಿ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಧ್ವನಿ ಕೇಳಿಸಿದರು. ಕೇಳುತ್ತಿರುವವನು ತಾನೊಬ್ಬನೇ ಅಂದುಕೊಂಡವರಲ್ಲಿ 85% ಜನ ಆ ಧ್ವನಿ ನಿಲ್ಲುವುದರೊಳಗೆ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ 31% ಮಾತ್ರ. ಹಾಗೇ ಕೂತವರು ಕಲ್ಲುಮನಸ್ಸಿನವರಲ್ಲ. ಅವರಲ್ಲಿ ಹಲವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಆ ಬೆವರನ್ನು ಬರೆಯಿರಿ. 'ಸತ್ತ' ಎಂಬ ಪದ ತಾನಾಗೇ ಬಿದ್ದುಹೋಗುತ್ತದೆ.

ಇಷ್ಟಕ್ಕೂ ನ್ಯೂಯಾರ್ಕ್‌ವರೆಗೆ ಹೋಗುವ ಅಗತ್ಯವೇನಿತ್ತು? 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯ ಜೊತೆ ಓಡಿಹೋದ ಎಂದು ತಾಯಿಯನ್ನು ಮನೆಯಿಂದ ಎಳೆದು ತಂದು, ಬಟ್ಟೆ ಬಿಚ್ಚಿ ಕಂಬಕ್ಕೆ ಕಟ್ಟಿದರು. ಜನ ನಿಂತು ನೋಡಿದರು. ತಡೆಯಲು ಹೋದವನಿಗೂ ಏಟು ಬಿತ್ತು. ಹೈಕೋರ್ಟ್ ತಾನಾಗೇ ಕೇಸು ಕೈಗೆತ್ತಿಕೊಂಡು, ನೋಡುತ್ತ ನಿಂತವರ ಹೇಡಿತನದ ಬಗ್ಗೆಯೂ ಮಾತಾಡಿತು. ಇಡೀ ಊರಿಗೇ ದಂಡ ಹಾಕುತ್ತಿದ್ದ ಬ್ರಿಟಿಷರ ಕಾಲದ ಪದ್ಧತಿಯನ್ನು ನೆನಪಿಸಿತು. ನೀವು ಇದಕ್ಕೆ ಕೊಟ್ಟಿರುವುದು ಒಂದೂವರೆ ಸಾಲು. ಏಟು ತಿಂದವನಿಗೆ ಅದೂ ಇಲ್ಲ. ಆವತ್ತು ಬಾಗಿಲ ಸಂದಿಯಿಂದ ನೋಡಿದವರು ಅವನಿಗೆ ಏಟು ಬೀಳುವುದನ್ನೂ ನೋಡಿರುತ್ತಾರೆ, ಅಲ್ವಾ? 'ನಮಗ್ಯಾಕೆ ಊರ ಉಸಾಬರಿ' ಎಂಬ ಮಾತಿನೊಳಗೆ ಎಷ್ಟು ಪಾಲು ಹೆದರಿಕೆ, ಎಷ್ಟು ಪಾಲು 'ಅವಳಿಗೆ ಹೀಗೇ ಆಗಬೇಕು' ಎಂಬ ಒಳಗಿನ ಸಮಾಧಾನ? ಎರಡನೆಯದು ಇದ್ದರೆ ಅದನ್ನು ಹೆದರಿಕೆಯ ಲೆಕ್ಕಕ್ಕೆ ಬರೆಯಬೇಡಿ. ಕ್ಷಮಿಸಬೇಕು ಎಂದು ನಾನು ಹೇಳುತ್ತಿಲ್ಲ, ಬಿಡಿಸಿ ನೋಡಿ ಎನ್ನುತ್ತಿದ್ದೇನೆ.

ಮಧ್ಯೆ ಒಂದು ಕಾನೂನಿನ ವಿಷಯ. ಮೂರನೇ ಪುಟದಲ್ಲಿ ಅತ್ಯಾಚಾರಕ್ಕೆ ಒಳಗಾದ ಹುಡುಗಿಯ ಕಾಲೇಜು, ಬೀದಿ, ಅಪ್ಪನ ಅಂಗಡಿ ಎಲ್ಲ ಕೊಟ್ಟಿದ್ದೀರಿ. ಹೆಸರು ಬಿಟ್ಟರೆ ಸಾಕು ಅಂದುಕೊಂಡಿರಬಹುದು, ಸಾಲದು. ಗುರುತು ಸಿಗುವ ಏನನ್ನೂ ಅಚ್ಚು ಹಾಕುವ ಹಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು. ಕಾನೂನು ಇರದಿದ್ದರೂ ನಾನು ಹಾಕುತ್ತಿರಲಿಲ್ಲ.

ಈಗ ನಾಲ್ಕನೇ ಪುಟ. ಕೆಳಗಿನಿಂದ ಮೂರನೇ ಸಾಲು: 'ಒಮ್ಮೆ ಬಸ್ಸಿನಲ್ಲಿ ಇಂಥದ್ದೇ ನಡೆದಾಗ ನಾನೂ ಚಿಲ್ಲರೆ ಎಣಿಸುತ್ತ ಕೂತಿದ್ದೆ.' ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ನಾಗರಿಕ ಸಮಾಜ ತಲೆ ತಗ್ಗಿಸುತ್ತದೆ.

ಅಲ್ರೀ, ಇಡೀ ಲೇಖನ ಇರುವುದು ಅಲ್ಲೇ! ಯಾವ ಹೊತ್ತು? ಬಸ್ ತುಂಬಿತ್ತಾ? 'ಮುಂದೆ ಹೋಗ್ರೀ' ಎಂದು ಕೂಗುವ ಕಂಡಕ್ಟರ್ ಆ ಸೀಟು ದಾಟುವಾಗ ಎತ್ತ ನೋಡಿದ? ಆ ಸೀಟಿನಲ್ಲಿದ್ದ ಹೆಂಗಸು ಬ್ಯಾಗನ್ನು ಅಡ್ಡ ಹಿಡಿದರಾ, ಜಾಗ ಬದಲಿಸಿದರಾ, ಯಾರನ್ನಾದರೂ ದಿಟ್ಟಿಸಿ ನೋಡಿದರಾ? ನಿಮ್ಮನ್ನು ನೋಡಿದರಾ? ಚಿಲ್ಲರೆ ಎಣಿಸಿ ಮುಗಿದ ಮೇಲೆ ಏನು ಮಾಡಿದಿರಿ, ಮತ್ತೆ ಎಣಿಸಿದಿರಾ? ಅವರು ಇಳಿದ ಮೇಲೆ ಬಸ್ಸಿನಲ್ಲಿ ಯಾರಾದರೂ ಏನಾದರೂ ಅಂದರಾ? ನಮ್ಮಲ್ಲಿ ಅವರು ಇಳಿದ ಮೇಲೇ ಎಲ್ಲರಿಗೂ ಮಾತು ಬರುತ್ತದೆ, ಗಮನಿಸಿದ್ದೀರಾ? 'ಮೊದಲೇ ಹೇಳಬಾರದಿತ್ತಾ, ನಾಲ್ಕು ಬಿಗಿಯುತ್ತಿದ್ದೆ' ಅನ್ನುವ ಗಂಡಸು ಪ್ರತಿ ಬಸ್ಸಿನಲ್ಲೂ ಒಬ್ಬ ಇರುತ್ತಾನೆ. ಹುಡುಗಿಯಾಗಿದ್ದಾಗಿನಿಂದ ಅವನನ್ನು ನೋಡುತ್ತಿದ್ದೇನೆ.

ಬರೆಯುವಾಗ ಒಂದೇ ಎಚ್ಚರ. ನಿಮ್ಮ ಪಶ್ಚಾತ್ತಾಪವೇ ನಾಯಕ ಆಗಿ, ಆ ಹೆಂಗಸು ಮೂಲೆ ಸೇರಬಾರದು. ಅತ್ತು ಕರೆದು ಬರೆದರೆ ಅದೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆ. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯಿರಿ, ಅವರ ಸೀರೆಯ ಬಣ್ಣ ಕಟ್ಟಬೇಡಿ.

1200 ಪದದೊಳಗೆ ಇರಲಿ. ಯುಗಾದಿ ಸಂಚಿಕೆಗೆ ಇನ್ನೂ ಸಮಯ ಇದೆ, ಅವಸರ ಬೇಡ. ಯೂನಿಕೋಡ್‌ನಲ್ಲೇ ಕಳಿಸಿ. ಈ ಸಲ 'ನುಡಿ' ತಂತ್ರಾಂಶದ ಅಕ್ಷರಗಳಿಂದ ಬದಲಿಸುವಾಗ ಒತ್ತಕ್ಷರಗಳೆಲ್ಲ ಕಲಸಿಹೋಗಿ, ಆ ಬಸ್ಸಿನ ಸಾಲನ್ನು ಮೊದಲ ಓದಿನಲ್ಲಿ ನಾನೂ ದಾಟಿಬಿಟ್ಟಿದ್ದೆ.