ಭಂಗಾರ್‌ಗೆ (ಗುಜರಿಗೆ) ಹಾಕೋ ಮುಂಚೆ

ಡೊಂಬಿವಲಿಯ ಓದುಗರಿಗೆ,

ನಿಮ್ಮ ಕಾಗದ ಓದಿ ನಗುನೂ ಬಂತು, ಹೊಟ್ಟೇಲಿ ಸಂಕಟನೂ ಆಯ್ತು. 2011ರ ಥಿಂಕ್‌ಪ್ಯಾಡ್ ಎಕ್ಸ್220 ಲ್ಯಾಪ್‌ಟಾಪು, ಈಗ ಮಗ ಅದೇ ಸಾಲಿನ ಹೊಸ ಮಾಡೆಲ್ ತಂದು "ಅಪ್ಪಾ, ಹಳೇದನ್ನ ಭಂಗಾರ್‌ವಾಲಾಗೆ ಕೊಟ್ಬಿಡಿ" ಅಂದಿದಾನೆ, ಹೊಸದ್ರಲ್ಲಿ ಬೆರಳು ಕೂರ್ತಿಲ್ಲ, ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್‌ನ ಹಳೇ ಫೈಲ್ ತೆಗೆದ್ರೆ ಬರೀ ಕಸ ಕಾಣ್ತಿದೆ, ಏನ್ಮಾಡ್ಲಿ ಅಂತೀರಿ.

ಬೆರಳಿನ ತಪ್ಪಲ್ಲ ಸ್ವಾಮಿ. ನಿಮ್ಮದು ಏಳು ಸಾಲಿನ ಕೀಬೋರ್ಡು, ಅದರ ಮರುವರ್ಷ ಬಂದ ಎಕ್ಸ್230ಯಲ್ಲೇ ಆರು ಸಾಲು ಮಾಡಿ ಕೀಗಳನ್ನ ಬಿಡಿಬಿಡಿ ಬಿಲ್ಲೆ ಥರ ಕೂರಿಸಿಬಿಟ್ರು. ಎರಡು ತಿಂಗಳಲ್ಲಿ ಕೈಗೆ ಹತ್ತುತ್ತೆ, ಬೈಕೊಂಡೇ ಹತ್ತುತ್ತೆ.

ಆದ್ರೆ ಮಗ ಹೇಳಿದ್ರಲ್ಲೂ ಅರ್ಧ ನಿಜ ಇದೆ. ವಿಂಡೋಸ್ 10ಗೆ ಸಪೋರ್ಟ್ ನಿಂತಿದ್ದು 2025ರ ಅಕ್ಟೋಬರ್ 14ಕ್ಕೆ, 11ಕ್ಕೆ ಇಂಟೆಲ್ ಆದ್ರೆ ಎಂಟನೇ ಪೀಳಿಗೆಯ ಪ್ರೊಸೆಸರ್ ಆದ್ರೂ ಬೇಕು, ನಿಮ್ಮದು ಎರಡನೇದು. ಬ್ಯಾಂಕ್ ಕೆಲಸ ಹೊಸದ್ರಲ್ಲೇ ಮಾಡಿ, ಇದ್ರಲ್ಲಿ ವಾದ ಬೇಡ.

ಈಗ ಆ ಕಸದ ವಿಷ್ಯ, ನಂಗೆ ಇದೇ ಮುಖ್ಯ ಅನ್ಸೋದು. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು ಒಳಗೆ ಕನ್ನಡನೇ ಅಲ್ಲ, ಇಂಗ್ಲಿಷ್ ಅಕ್ಷರದ ಕೋಡ್‌ಗಳಿಗೆ ಫಾಂಟು ಕನ್ನಡದ ಅಂಗಿ ತೊಡಿಸಿರುತ್ತೆ ಅಷ್ಟೇ, ಫಾಂಟ್ ಇಲ್ಲ ಅಂದ್ರೆ ಬಣ್ಣ ಬಯಲು. ಹಳೇ ಮಷೀನು ಉಸಿರಾಡ್ತಿರುವಾಗ್ಲೇ ಎಲ್ಲಾನೂ ಯುನಿಕೋಡ್‌ಗೆ (ಕನ್ನಡ ಅಕ್ಷರಕ್ಕೇ ಅದರದ್ದೇ ಕೋಡ್ ಇರೋ ಪದ್ಧತಿಗೆ) ಕನ್ವರ್ಟ್ ಮಾಡ್ಕೊಳ್ಳಿ, ಮೂಲ ಫೈಲೂ ಒಂದು ಪೆನ್‌ಡ್ರೈವ್‌ನಲ್ಲಿ ಇರ್ಲಿ. ನಮ್ಮ ಹಳೇ ಸಂಚಿಕೆಗಳನ್ನ ಕನ್ವರ್ಟ್ ಮಾಡ್ದಾಗ ಮಧ್ಯೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡ ಆಗಿಬಿಟ್ಟು, ಒಬ್ಬ ಲೇಖಕರ ಈಮೇಲ್ ವಿಳಾಸ ಯಾವ್ದೋ ಮಂತ್ರದ ಥರ ಕಾಣ್ತಿತ್ತು. ಅರ್ಕಾವತ್ತು ಇರೋ ಪದಗಳನ್ನಂತೂ ಕೂತು ಓದ್ಲೇಬೇಕು.

ಆಮೇಲೆ ಮುಂಬೈನ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹಳೇ ಹಾರ್ಡ್‌ಡಿಸ್ಕಿನ ಜಾಗಕ್ಕೆ ಒಂದು ಎಸ್‌ಎಸ್‌ಡಿ ತಗೊಳ್ಳಿ, ಏಳು ಮಿಲಿಮೀಟರ್ ದಪ್ಪದ್ದು ಅಂತ ಒತ್ತಿ ಹೇಳಿ, ಅದಕ್ಕಿಂತ ದಪ್ಪ ಆದ್ರೆ ಒಳಗೆ ಹೋಗಲ್ಲ. ಪಕ್ಕದಲ್ಲಿ ಒಂದೇ ಸ್ಕ್ರೂ, ಬಿಚ್ಚಿ ಹಳೇದನ್ನ ಎಳೆದು ಹೊಸದು ತಳ್ಳೋದು. ಬ್ಯಾಟರಿಯಂತೂ ಹಿಂದಿನ ಚಿಲಕ ಸರಿಸಿದ್ರೆ ಕೈಗೇ ಬರುತ್ತೆ (ನನ್ನ ಈಗಿನದ್ರಲ್ಲಿ ಅದು ಒಳಗಿತ್ತು, ಟಚ್‌ಪ್ಯಾಡ್ ಪೂರಿ ಥರ ಉಬ್ಬಿದ್ಮೇಲೇ ಗೊತ್ತಾಗಿದ್ದು). ವಿಂಡೋಸ್ ಬದಲು ಲಿನಕ್ಸ್ ಹಾಕಿಸ್ಕೊಂಡ್ರೆ ನುಡಿಯದ್ದೇ ಆದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆನೂ ಸಿಗುತ್ತೆ, ನುಡಿಯಲ್ಲಿ ಕಲಿತ ಬೆರಳು ಮತ್ತೇನೂ ಕಲೀಬೇಕಿಲ್ಲ.

ಅಂದಹಾಗೆ ಆ ಫೈಲ್‌ಗಳಲ್ಲಿ ನಿಮ್ಮ ಅಮ್ಮ ಹೇಳಿ ಬರೆಸಿದ ಅಡುಗೆಗಳಿವೆ ಅಂದ್ರಲ್ಲ, ಕನ್ವರ್ಟ್ ಆದ್ಮೇಲೆ ಪತ್ರೊಡೆ ಮಾಡೋದು ನಮಗೂ ಕಳ್ಸಿ, ಶ್ರಾವಣದ ಸಂಚಿಕೆಗೆ ಒಂದು ಪುಟ ಖಾಲಿ ಇಟ್ಟಿರ್ತೀನಿ.

— ಸಂಪಾದಕ