ಸಿಂಹವು ಹುಲಿಯನ್ನು ಕೆಡವಿದ ಚಿತ್ರವಿರುವ ಹಳೇ ಪದಕ: ಇದು ನಕಲಿಯೇ?

ಅಜ್ಜನ ಟ್ರಂಕಿನಲ್ಲಿ ಸಿಕ್ಕ ಪದಕಕ್ಕೆ ಕೊಂಡಿ ಇಲ್ಲ, ಯಾರ ಹೆಸರೂ ಇಲ್ಲ, ಬಣ್ಣ ಸೀಸದಂತೆ ಮಂಕಾಗಿದೆ, ಹಾಗಾಗಿ ನಕಲಿ ಇರಬಹುದಾ ಎಂದು ಕೇಳಿದ್ದೀರಿ. ಈ ಮೂರು ಕಾರಣಕ್ಕೇ ನಾನಂತೂ ಅದನ್ನು ನಕಲಿ ಅನ್ನುವುದಿಲ್ಲ.

ವಿವರ ನೋಡಿದರೆ ಅದು ಶ್ರೀರಂಗಪಟ್ಟಣದ ಪದಕ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಆ ಯುದ್ಧದಲ್ಲಿದ್ದವರಿಗೆಂದು ಈಸ್ಟ್ ಇಂಡಿಯಾ ಕಂಪನಿ ಇದನ್ನು ಬರ್ಮಿಂಗ್‌ಹ್ಯಾಮ್‌ನ ಸೋಹೊ ಟಂಕಸಾಲೆಯಲ್ಲಿ ಮಾಡಿಸಿತು. ಹಂಚಿದ್ದು 1808ರಲ್ಲಿ! ಅಷ್ಟರೊಳಗೆ ಎಷ್ಟು ಸಿಪಾಯಿಗಳು ತೀರಿಕೊಂಡಿದ್ದರೋ.

ಚಿತ್ರ ಎಲ್ಲರಿಗೂ ಒಂದೇ, ಲೋಹ ಮಾತ್ರ ಬೇರೆ. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಆಮೇಲೆ ಬರೀ ಬೆಳ್ಳಿ, ಕಂಚು. ಸಾಮಾನ್ಯ ಸಿಪಾಯಿಗೆ ತವರ. ಹೌದು, ಪಾತ್ರೆಗೆ ಕಲಾಯಿ ಹಾಕುತ್ತಾರಲ್ಲ, ಅದೇ ತವರ. ನಿಮ್ಮದು ಆ ಸಾಲಿನದೇ ಇರಬೇಕು. ಹೆಸರು ಕೆತ್ತಿಸದೆಯೇ ಕೊಟ್ಟರು. ಕೊಂಡಿಯನ್ನೂ ಕೊಡಲಿಲ್ಲ, ಬೇಕಾದವರು ತಾವೇ ಹಾಕಿಸಿಕೊಂಡರು.

ಹುಲಿ ಟಿಪ್ಪುವಿನ ಗುರುತು, ಸಿಂಹ ಬ್ರಿಟಿಷರದು. ಮೇಲಿನ ಬಾವುಟದ ಅರಬ್ಬಿ ಅಕ್ಷರ ನೋಡಿದಿರಾ? 'ಅಸದುಲ್ಲಾ ಅಲ್ ಗಾಲಿಬ್', ಅಂದರೆ ದೇವರ ಸಿಂಹವೇ ಗೆಲ್ಲುವುದು. ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸುತ್ತಿದ್ದದ್ದೂ ಇದೇ ಮಾತು. ಸೋತವನ ಮಾತನ್ನೇ ಗೆದ್ದವರ ಬಾವುಟಕ್ಕೆ ಅಂಟಿಸಿದ್ದಾರೆ. ಮೊದಲ ಸಲ ಇದು ಗೊತ್ತಾದಾಗ ನನಗೆ ನಗು ಬಂತು, ಜೊತೆಗೆ ಸಿಟ್ಟೂ ಬಂತು. ಹಿಂಬದಿಯಲ್ಲಿ ಕೋಟೆಗೆ ನುಗ್ಗುವ ದೃಶ್ಯ, ನೆತ್ತಿಯ ಮೇಲೆ ಸೂರ್ಯ. ದಾಳಿ ನಡೆದದ್ದು ಮಧ್ಯಾಹ್ನ, ಅದಕ್ಕೆ.

ಹಾಗಂತ ಫೋಟೋ ನೋಡಿ ಅಸಲಿ ಎಂದು ಬರೆದುಕೊಡಲಾರೆ. ಸ್ಕೇಲ್ ಇಟ್ಟು ಅಳೆಯಿರಿ, ಅಡ್ಡಗಲ ಸುಮಾರು 48 ಮಿಲಿಮೀಟರ್ ಇರಬೇಕು. ಅಂಚಿನಲ್ಲಿ ಬೆಸುಗೆಯ ಗೆರೆ ಕಂಡರೆ ಅದು ಎರಕ ಹೊಯ್ದ ನಕಲು. ಹೆಸರೇ ಇಲ್ಲದ ಮೇಲೆ, ನಿಮ್ಮ ಪೂರ್ವಜರೇ ಆ ಯುದ್ಧದಲ್ಲಿದ್ದರು ಎನ್ನಲು ಪದಕವೊಂದೇ ಸಾಕ್ಷಿ ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಮಾತು: ಹುಣಸೆಹಣ್ಣು ಹಾಕಿ ಉಜ್ಜಬೇಡಿ. ತವರ ಮೆತ್ತಗಿರುತ್ತದೆ, ಚಿತ್ರವೇ ಸವೆದುಹೋಗುತ್ತದೆ. ಮಾರುವ ಯೋಚನೆ ಇದ್ದರೆ ವಿದೇಶಕ್ಕೆ ಮಾತ್ರ ಕಳಿಸಬೇಡಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು.